ಒಪ್ಪಿಕೊಂಡವನು ಒಪ್ಪಿದ್ದೇನು?

‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ವಾಕ್ಯವನ್ನು ನಮ್ಮ ಪತ್ರಿಕೆಗಳಲ್ಲಿ ಓದದ ದಿನ ಅಪರೂಪ. ಇಂಗ್ಲಿಷ್ ಸುದ್ದಿಯಲ್ಲಿ ‘ಅಡ್ಮಿಟ್’ ಇದ್ದರೂ ಇದೇ, ‘ಕನ್‌ಫೆಸ್’ ಇದ್ದರೂ ಇದೇ. ‘ಕನ್ಸೀಡ್’, ‘ಅಕ್ನಾಲೆಜ್’ ಬಂದರೆ ‘ತಪ್ಪು’ ಉದುರಿ ‘ಒಪ್ಪಿಕೊಂಡ’ ಉಳಿಯುತ್ತದೆ. ನಾಲ್ಕು ಕುದುರೆಗೆ ಒಂದೇ ಲಾಳ! ಕೇಳಿದರೆ, ‘ಏನು ಮಾಡೋಣ ಸ್ವಾಮಿ, ಕನ್ನಡದಲ್ಲಿ ಬೇರೆ ಮಾತಿಲ್ಲ’ ಎನ್ನುತ್ತಾರೆ. ಇದು ಸೋಮಾರಿತನಕ್ಕೆ ತೊಡಿಸಿದ ಭಾಷೆಯ ಬಡತನದ ವೇಷ.

ದೋಷ ಬರಿಯ ಶೈಲಿಯದಾಗಿದ್ದರೆ ಇಷ್ಟು ಕೂಗಾಡಬೇಕಾಗಿರಲಿಲ್ಲ. 1937ರಲ್ಲಿ ಪುರಿಯಲ್ಲಿ ರೈಲಿನ ಮೂರನೆಯ ದರ್ಜೆಯ ಡಬ್ಬಿಯೊಳಗೆ ಉಕ್ಕಿನ ಪೆಟ್ಟಿಗೆಯೊಂದರಲ್ಲಿ ಶವ ಸಿಕ್ಕಿತು. ಕೊಲೆಯ ಆರೋಪ ಹೊತ್ತ ಪಾಕಲ ನಾರಾಯಣಸ್ವಾಮಿ, ಸತ್ತವನು ತನ್ನ ಮನೆಗೆ ಬಂದಿದ್ದುದು ನಿಜವೆಂದು ಪೊಲೀಸರಿಗೆ ಹೇಳಿದ್ದ. 1939ರಲ್ಲಿ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದಾಗ ಲಾರ್ಡ್ ಅಟ್ಕಿನ್ ಗೆರೆ ಎಳೆದರು: ಎಷ್ಟೇ ಶಂಕೆ ಹುಟ್ಟಿಸುವ ಸಂಗತಿಯನ್ನು ‘ಅಡ್ಮಿಟ್’ ಮಾಡಿದರೂ ಅಷ್ಟರಿಂದಲೇ ಅದು ‘ಕನ್‌ಫೆಷನ್’ ಆಗದು, ಅಪರಾಧವನ್ನೇ ಹೇಳಿರಬೇಕು, ಇಲ್ಲವೆ ಅದಕ್ಕೆ ಬೇಕಾದ ಸಂಗತಿಗಳನ್ನೆಲ್ಲ ಹೆಚ್ಚುಕಡಮೆ ಹೇಳಿರಬೇಕು. ಈ ತೀರ್ಪನ್ನು ನಮ್ಮ ಪತ್ರಿಕೆಗಳ ಕನ್ನಡಕ್ಕೆ ತಿರುಗಿಸಿ ನೋಡಿ: ‘ಒಪ್ಪಿಕೊಂಡರೆ ಒಪ್ಪಿಕೊಂಡಂತಲ್ಲ’!

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ಕನ್‌ಫೆಷನ್ನನ್ನು ಆರೋಪಿಯ ವಿರುದ್ಧ ರುಜುವಾತು ಮಾಡಕೂಡದೆಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ನ್ಯಾಯಾಲಯ ಹೊರಗಿಟ್ಟ ಮಾತನ್ನು ದಪ್ಪಕ್ಷರದಲ್ಲಿ ‘ತಪ್ಪೊಪ್ಪಿಗೆ’ ಎಂದು ಅಚ್ಚು ಹಾಕಿದರೆ, ವಿಚಾರಣೆಗೆ ಮೊದಲೇ ಓದುಗರು ಆ ಮನುಷ್ಯನನ್ನು ನೇಣಿಗೆ ಹಾಕಿ ಮುಗಿಸಿರುತ್ತಾರೆ.

ಇನ್ನು ಮಾತಿಲ್ಲವೆಂಬ ದೂರು. ಈ ಮಹಾಶಯರು ಒಮ್ಮೆ ಹಳ್ಳಿಯ ಪಂಚಾಯಿತಿ ಕಟ್ಟೆಯ ಬಳಿ ಕುಳಿತು ಕೇಳಲಿ. ‘ಹೌದು ಅಂದ’ ಎಂಬುದು ಒಂದು; ‘ನಾನೇ ಮಾಡಿದೆ ಅಂದ’ ಎಂಬುದು ಬೇರೊಂದು. ವಾದದಲ್ಲಿ ‘ಆಗಲಿ, ನಿಮ್ಮ ಮಾತೇ ನಡೆಯಲಿ’ ಎಂದು ಬಿಟ್ಟುಕೊಡುವುದು ಮತ್ತೊಂದು. ‘ಬಾಯಿಬಿಟ್ಟ’ ಎಂಬುದಂತೂ ರತ್ನ. ಅದರ ಮಗ್ಗುಲಲ್ಲೇ ‘ಬಾಯಿಬಿಡಿಸಿದರು’ ನಿಂತಿದೆ. ಶಾಸನ ಮಾಡಿದವರು ಠಾಣೆಯ ಮಾತನ್ನು ಏಕೆ ನಂಬಲಿಲ್ಲವೆಂಬುದನ್ನು ಒಂದು ‘ಇಸು’ ಪ್ರತ್ಯಯವೇ ಹೇಳಿಬಿಡುತ್ತದೆ. ಪಾಪದ ‘ಒಪ್ಪು’ ಧಾತುವಿನಲ್ಲಿ ಸೊಗಸಿದೆ, ಸಮ್ಮತಿಯಿದೆ, ತಕ್ಕದ್ದೆಂಬ ಭಾವವಿದೆ, ಅಪರಾಧವಿಲ್ಲ. ಹೆಣ್ಣು ಒಪ್ಪಿಗೆಯಾಯಿತೆ ಎಂದು ಕೇಳುವ ಬಾಯಲ್ಲೇ ಕೊಲೆ ಒಪ್ಪಿಗೆಯಾಯಿತೆ ಎಂದೂ ಕೇಳಬೇಕೆ?

ಇಂಗ್ಲಿಷನ್ನು ಪೂಜಿಸಿರೆಂದು ಹೇಳುತ್ತಿಲ್ಲ. ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೂ ಅವರಿಗೆ ‘ಅಡ್ಮಿಟ್ಟೇ’ ಗತಿ. ಆದರೆ ಅನುವಾದಕನಿಗೆ ಕಣ್ಣಿರಬೇಕು. ಸಂತ ಅಗಸ್ಟೀನನ ‘ಕನ್‌ಫೆಷನ್ಸ್’ ಗ್ರಂಥವನ್ನು ‘ತಪ್ಪೊಪ್ಪಿಗೆಗಳು’ ಎಂದರೆ ಅರ್ಧ ಗ್ರಂಥ ಹೋಯಿತು. ಆತನ ಲ್ಯಾಟಿನ್ನಿನಲ್ಲಿ ಆ ಮಾತಿಗೆ ದೇವರ ಸ್ತುತಿಯೆಂಬ ಅರ್ಥವೂ ಉಂಟು. ‘ನಿವೇದನೆ’ ಎಂದಿದ್ದರೆ ಹತ್ತಿರವಾದರೂ ಹೋಗುತ್ತಿತ್ತು.

ಉಪಸಂಪಾದಕರಲ್ಲಿ ನನ್ನ ಬೇಡಿಕೆ ಸಣ್ಣದು. ಮನೆಗೆ ಬಂದಿದ್ದನೆಂದು ಹೇಳಿದವನನ್ನು ಕುರಿತು ‘ಬಂದಿದ್ದುದು ನಿಜವೆಂದ’ ಎಂದು ಬರೆಯಿರಿ. ಪೊಲೀಸರು ಹೇಳಿದ್ದನ್ನು ಪೊಲೀಸರ ಹೆಸರಿನಲ್ಲೇ ಬರೆಯಿರಿ. ಶೀರ್ಷಿಕೆಯಲ್ಲಿ ಜಾಗವಿಲ್ಲವೆನ್ನುತ್ತೀರಿ. ಅದೇ ಪುಟದಲ್ಲಿ ಸೋಪಿನ ಜಾಹೀರಾತಿಗೆ ಜಾಗ ಹೇಗೆ ಸಿಕ್ಕಿತೋ!