ಅವರದ್ದು ಚಟ, ನಮ್ಮದು ಹವ್ಯಾಸ!

ನಮ್ಮ ಮುಂಬಯಿ ಕನ್ನಡಿಗರು ಸದ್ದಿಲ್ಲದೆ ಒಂದು ಹೊಸ ವ್ಯಾಕರಣ ಮಾಡಿಕೊಂಡಿದ್ದಾರೆ. ಪುಸ್ತಕದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬಾಯಲ್ಲಿ ಮಾತ್ರ ದಿನಾ ಕೇಳಿಸುತ್ತದೆ.

ವಾಚ್‌ಮನ್ ಬೀಡಿ ಸೇದಿದರೆ ಅದು ಚಟ. ಹದಿನಾಲ್ಕನೇ ಮಹಡಿಯವರು ಸಿಗಾರ್ ಸೇದಿದರೆ ಹವ್ಯಾಸ. ಡ್ರೈವರುಗಳು ಪಾರ್ಕಿಂಗಿನಲ್ಲಿ ಪೇಪರ್ ಹಾಸಿಕೊಂಡು ಇಸ್ಪೀಟು ಆಡಿದರೆ ಜೂಜು. ಅವರ ಸಾಹೇಬರು ಮೇಲೆ ಹಸಿರು ಬಟ್ಟೆಯ ಮೇಜಿಗೆ ಕೂತು ಪೋಕರ್ ಆಡಿದರೆ 'ಮೈಂಡ್ ಗೇಮ್'. ಊಟ ತಂದುಕೊಡುವ ಹುಡುಗನ ಬೈಕು ಹೊಟ್ಟೆಪಾಡು, ನಾವು ಭಾನುವಾರ ಲೋನಾವಳಕ್ಕೆ ಓಡಿಸುವ ಬೈಕು 'ಪ್ಯಾಶನ್'!

ಮೊದಲೇ ಹೇಳಿಬಿಡುತ್ತೇನೆ, ನಾನು ಸನ್ಯಾಸಿಯಲ್ಲ. ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಒಂದು ಮುದಿ ಯೆಜ್ಡಿ ಈಗಲೂ ನನ್ನ ಹತ್ತಿರ ಇದೆ. ರಮ್ಮಿಗೆ ಕೂತರೆ ಬೇಗ ಏಳುವ ಜಾತಿಯೂ ನನ್ನದಲ್ಲ. ಹಾಗಾಗಿ ಇದು ಮೋಜಿನ ವಿರುದ್ಧ ಪ್ರವಚನ ಅಲ್ಲ. ದುಡಿಯುವ ಮನುಷ್ಯನಿಗೆ ಸ್ವಲ್ಪ ಮೋಜು ಬೇಕು ಮಾರಾಯ್ರೆ, ಒಪ್ಪಿದೆ. ಆದರೆ ಆ 'ಮನುಷ್ಯ' ಎಂಬ ಶಬ್ದದೊಳಗೆ ಯಾರ್ಯಾರನ್ನು ಸೇರಿಸುತ್ತೀರಿ, ಅದನ್ನು ಹೇಳಿ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮ ಸೊಸೈಟಿಯಲ್ಲಿ ರಾತ್ರಿ ಪಾಳಿಯ ವಾಚ್‌ಮನ್‌ನನ್ನು ಕೆಲಸದಿಂದ ತೆಗೆಯಬೇಕೆಂಬ ಪ್ರಸ್ತಾಪ ಬಂದಿದೆ. ಅವನ ಅಪರಾಧ, ರಾತ್ರಿ ಎರಡು ಗಂಟೆಗೆ ಗೇಟಿನ ಹೊರಗೆ ನಿಂತು ಬೀಡಿ ಸೇದಿದ್ದು. ಪ್ರಸ್ತಾಪ ಇಟ್ಟವರು ಯಾರು ಗೊತ್ತೇ? ತಿಂಗಳಿಗೊಮ್ಮೆ ಕ್ಲಬ್‌ಹೌಸಿನಲ್ಲಿ 'ಸಿಗಾರ್ ಈವನಿಂಗ್' ಮಾಡುವ ಮೂವರು. ಅದರಲ್ಲಿ ಇಬ್ಬರು ನಮ್ಮವರೇ, ಕನ್ನಡದವರೇ. ಆ ಸಂಜೆಯ ಹೊಗೆ ಪಕ್ಕದಲ್ಲಿ ಟೇಬಲ್ ಟೆನಿಸ್ ಆಡುವ ಮಕ್ಕಳ ಮೂಗಿಗೆ ಹೋಗುತ್ತದೆ. ವಾಚ್‌ಮನ್‌ನ ಹೊಗೆ ಹೋಗಿದ್ದು ಬೀದಿನಾಯಿಯ ಮೂಗಿಗೆ.

"ಸಿಗಾರ್ ಬೇರೆ ಮಾರಾಯಾ, ಅದನ್ನು ನಾವು ಒಳಗೆ ಎಳೆಯುವುದೇ ಇಲ್ಲ, ಬರೀ ಟೇಸ್ಟು" ಅನ್ನುತ್ತಾರೆ. ಒಳಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಅಂತ ವಿಚಾರಿಸಿ ಬರುವ ಅಭ್ಯಾಸ ಇಲ್ಲ. 2003ರ ತಂಬಾಕು ಕಾಯ್ದೆ ಕೂಡ ಧೂಮಪಾನ ಎಂದರೇನು ಎಂದು ಹೇಳುವಾಗ ಸಿಗರೇಟು, ಸಿಗಾರ್, ಬೀಡಿ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಅದಕ್ಕೂ ಮೊದಲು, 1966ರಲ್ಲಿ ಪಾರ್ಲಿಮೆಂಟು ಮಾಡಿದ ಕಾರ್ಮಿಕ ಕಾಯ್ದೆಯ ಹೆಸರೇ 'ಬೀಡಿ ಮತ್ತು ಸಿಗಾರ್ ಕಾರ್ಮಿಕರ' ಕಾಯ್ದೆ. ಕಾನೂನಿಗೆ ಎರಡೂ ಅಕ್ಕತಂಗಿಯರು. ನಮಗೆ ಮಾತ್ರ ಒಬ್ಬಳು ಮಹಾರಾಣಿ, ಇನ್ನೊಬ್ಬಳು ಕೆಲಸದವಳು.

ನನಗೆ ಈ ವಿಷಯ ಸ್ವಲ್ಪ ಜಾಸ್ತಿಯೇ ಚುಚ್ಚುವುದಕ್ಕೆ ಕಾರಣ ಇದೆ. ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ದಕ್ಷಿಣ ಕನ್ನಡ ಕಡೆಯ ಎಷ್ಟೋ ಮನೆಗಳ ಕತೆ ಇದು, ಓದುವ ನಿಮ್ಮಲ್ಲೂ ಕೆಲವರದ್ದಿರಬಹುದು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಮಡಿಲ ಮೇಲಿನ ಗೆರಸೆಯಲ್ಲಿ ಪುಡಿ ಇಟ್ಟುಕೊಂಡು, ಸುತ್ತಿ, ತಲೆ ಮಡಚಿ, ನೂಲು ಕಟ್ಟುವುದು. ಸಾವಿರಕ್ಕೆ ಇಷ್ಟು ಅಂತ ಕೂಲಿ. ಕಟ್ಟಿಕೊಂಡು ಹೋಗಿ ಕೊಟ್ಟಲ್ಲಿ ಸರಿಯಿಲ್ಲ ಅಂತ ಒಂದಿಷ್ಟನ್ನು ತೆಗೆದು ಬದಿಗೆ ಹಾಕುತ್ತಿದ್ದರು, ಅದಕ್ಕೆ ಕಾಸಿಲ್ಲ. ಜೀವಮಾನದಲ್ಲಿ ಒಂದು ಬೀಡಿ ಸೇದದ ಅಮ್ಮ ರಾತ್ರಿಯಿಡೀ ಕೆಮ್ಮುತ್ತಿದ್ದಳು.

ಒಮ್ಮೆ ನನ್ನನ್ನೂ ಆ ಕ್ಲಬ್‌ಹೌಸಿಗೆ ಕರೆದಿದ್ದರು. ಮರದ ಪೆಟ್ಟಿಗೆ ತೆರೆದು, "ಇದು ಹ್ಯೂಮಿಡಾರ್, ಒಳಗೆ ಶೇಕಡಾ 70ರಷ್ಟು ತೇವ ಕಾಪಾಡಬೇಕು, ಎಲೆ ಒಣಗಬಾರದು" ಅಂತ ಪಾಠ ಮಾಡಿದರು. ಅಮ್ಮನೂ ಎಲೆ ಒಣಗಬಾರದೆಂದು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ಹ್ಯೂಮಿಡಾರ್ ಅಂತ ಕರೆಯುತ್ತಿರಲಿಲ್ಲ, ಅಷ್ಟೆ. "ಎಂಥ ಅರೋಮಾ ನೋಡು" ಅಂದರು. ಆ ವಾಸನೆ ನನಗೆ ಗೊತ್ತು ಸ್ವಾಮಿ, ಅದು ಅಮ್ಮನ ಸೆರಗಿನದು. ಸಿಗಾರ್ ನನ್ನಿಂದಾಗದು ಅಂತ ಹೇಳಿ ಎದ್ದು ಬಂದೆ.

ಇನ್ನು ಇಸ್ಪೀಟು. ಪೋಕರ್ ಜೂಜಲ್ಲ, ಕೌಶಲ ಅಂತ ನಮ್ಮವರು ಕೋರ್ಟಿನ ಮಾತು ಎತ್ತುತ್ತಾರೆ. ಸರಿ, ಕೋರ್ಟಿಗೇ ಹೋಗೋಣ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದಿತು. ಅದು ಬಂದಿದ್ದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ. ಪೋಕರ್ ವಿಷಯದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ರೀತಿ ಹೇಳಿದರೆ, 2017ರಲ್ಲಿ ಗುಜರಾತ್ ಹೈಕೋರ್ಟು ಅದು ಜೂಜೇ ಅಂದಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ಬೇಡ ಅಂತ ಕಾಯ್ದೆಯನ್ನೇ ಮಾಡಿತು. ಅಂದರೆ ದೊಡ್ಡ ದೊಡ್ಡವರಿಗೇ ಇದರಲ್ಲಿ ಒಮ್ಮತ ಇಲ್ಲ. ಆದರೆ ನಮ್ಮ ಕಮಿಟಿಗೆ ಯಾವ ಗೊಂದಲವೂ ಇಲ್ಲ. ಲಿಫ್ಟಿನಲ್ಲಿ ಮೇಲೆ ಹೋದರೆ ಕೌಶಲ, ಕೆಳಗೆ ಇಳಿದರೆ ಜೂಜು! ಐದು ಹತ್ತು ರೂಪಾಯಿಗೆ ರಮ್ಮಿ ಆಡುವ ಡ್ರೈವರ್ ಎಲೆ ನೆನಪಿಟ್ಟುಕೊಳ್ಳುವುದಿಲ್ಲವೇ? ಎದುರಿನವನ ಮುಖ ಓದುವುದಿಲ್ಲವೇ? ದಿನವಿಡೀ ಸಾಹೇಬರ ಮುಖ ಓದಿಯೇ ಅವನ ಜೀವನ ನಡೆಯುವುದು.

ಬೈಕಿನದ್ದಂತೂ ತಮಾಷೆ. ಈಗ 'ಕ್ಲಾಸಿಕ್' ಅಂತ ಒರೆಸಿ ಫೋಟೋ ತೆಗೆಯುವ ಬುಲೆಟ್, ಯೆಜ್ಡಿಗಳ ಮೇಲೆ ಒಂದು ಕಾಲದಲ್ಲಿ ಹಾಲಿನವರು ಕ್ಯಾನು ಕಟ್ಟಿಕೊಂಡು ತಿರುಗುತ್ತಿದ್ದರು. ಆಗ ಅದು ಬರೀ ಗಾಡಿ. ಇವತ್ತು ನಾವೂ 'ರೈಡರ್', ಪಾರ್ಸೆಲ್ ಹುಡುಗನೂ 'ರೈಡರ್'. ನಾವು ವಾರಕ್ಕೆ ನಾಲ್ಕು ಗಂಟೆ ಓಡಿಸಿ ಸೊಂಟನೋವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವನು ಜುಲೈ ಮಳೆಯಲ್ಲಿ ದಿನವಿಡೀ ಓಡಿಸಿ ಬಂದರೆ, "ಆ ಲಿಫ್ಟ್ ಅಲ್ಲ, ಹಿಂದಿನ ಸರ್ವಿಸ್ ಲಿಫ್ಟ್" ಅನ್ನುತ್ತೇವೆ. ಮುಂಬಯಿಯಲ್ಲಿ ಸಮಾನತೆ ಇರುವುದು ಎರಡೇ ಕಡೆ. ಬಾಂದ್ರಾ-ವರ್ಲಿ ಸೀ ಲಿಂಕ್ ಮತ್ತು ಪುಣೆ ಎಕ್ಸ್‌ಪ್ರೆಸ್‌ವೇ. ಅಲ್ಲಿ ಯಾವ ಬೈಕಿಗೂ ಪ್ರವೇಶ ಇಲ್ಲ, ಲಕ್ಷಾಂತರ ರೂಪಾಯಿಯ ಹಾರ್ಲೆಯೂ ಸ್ಪ್ಲೆಂಡರ್ ಜೊತೆ ಹೊರಗೆ ನಿಲ್ಲಬೇಕು!

"ನಮಗೆ ತಾಕತ್ತಿದೆ, ಖರ್ಚು ಮಾಡುತ್ತೇವೆ. ಬಡವನ ಬೀಡಿ, ಇಸ್ಪೀಟು ಅವನ ಹೆಂಡತಿ ಮಕ್ಕಳ ಅನ್ನ ಕಸಿಯುತ್ತದೆ" ಅಂತ ನೀವು ಕೇಳಬಹುದು. ಮಾತು ಸುಳ್ಳಲ್ಲ. ಸಂಬಳ ಜೂಜಿನಲ್ಲಿ ಕಳೆದು ಮನೆ ಮುಳುಗಿಸಿದವರನ್ನು ನಾನೂ ಕಂಡಿದ್ದೇನೆ. ಹಾಗಿದ್ದರೆ ತಮ್ಮನಿಗೆ ಹೇಳಿದಂತೆ ಬುದ್ಧಿ ಹೇಳಿ, ಬೀಡಿ ಬಿಡಿಸಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದು ಬಿಟ್ಟು ಅವನ ಕೆಲಸವನ್ನೇ ಕಿತ್ತರೆ ಹೆಂಡತಿ ಮಕ್ಕಳ ಅನ್ನ ಕಸಿದವರು ಯಾರು? ಬೀಡಿಯೋ, ಕಮಿಟಿಯೋ?

ಮುಂದಿನ ಮೀಟಿಂಗಿನಲ್ಲಿ ನಾನು ಇಡುವ ಪ್ರಸ್ತಾಪ ಇಷ್ಟೇ. ಹೊಗೆ ಬೇಡವೆಂದರೆ ಗೇಟಿನಲ್ಲೂ ಬೇಡ, ಕ್ಲಬ್‌ಹೌಸಿನಲ್ಲೂ ಬೇಡ, ತಪ್ಪಿದವರಿಗೆಲ್ಲ ಒಂದೇ ದಂಡ. ಎಲೆಯಾಟ ಇರಲಿ ಎಂದರೆ ಡ್ರೈವರುಗಳಿಗೂ ಒಂದು ಮೇಜು, ಒಂದು ಫ್ಯಾನು. ಖಂಡಿತ ಸೋಲುತ್ತೇನೆ, ಲೆಕ್ಕ ಹಾಕಿದ್ದೇನೆ.

ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ದೆಹಲಿಯಲ್ಲಿರಿ, ನಿಮ್ಮ ಕಟ್ಟಡದಲ್ಲೂ ಇಂಥದ್ದೊಂದು ಕಮಿಟಿ ಇದ್ದೇ ಇರುತ್ತದೆ. ಮುಂದಿನ ಸಲ ಯಾರಾದರೂ ಕೆಳಗಿನವರ 'ಚಟ'ದ ಬಗ್ಗೆ ಬಾಯಿ ತೆರೆದರೆ, ಆ ಬಾಯಿಯಿಂದ ಯಾವ ವಾಸನೆ ಬರುತ್ತಿದೆ ಅಂತ ಒಂದು ಸಲ ಮೂಸಿ ನೋಡಿ. ಆಮೇಲೆ ಕೈ ಎತ್ತಿ.