ಕೆರೆ ನೀರು ಹಸಿರಾದರೆ ಯಾರೋ ವಿಷ ಬೆರೆಸಿದ್ದಾರೆಯೇ? ಕುದಿಸಿದರೆ ಸಾಕೇ?

ಬೇಸಿಗೆಯಲ್ಲಿ ಕುಡಿಯುವ ನೀರಿನ ಕೆರೆ ಹಸಿರಾದ ಕೂಡಲೇ ವಾಟ್ಸಾಪ್‌ನಲ್ಲಿ ಎರಡು ಮಾತು ಓಡಾಡುತ್ತವೆ. ಯಾರೋ ಕೆಮಿಕಲ್ ಬಿಟ್ಟಿದ್ದಾರೆ ಎಂಬುದು ಒಂದು. ಬರೀ ಪಾಚಿ, ಕುದಿಸಿ ಕುಡಿಯಿರಿ ಎಂಬುದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ತಪ್ಪು. ಎರಡನೆಯದು ಅಪಾಯ.

ಸಿರಿಗೇರಿ, ಸಿರುಗುಪ್ಪ ಭಾಗ ತುಂಗಭದ್ರಾ ಕಾಲುವೆ ನಂಬಿದ ಭತ್ತದ ಸೀಮೆ. ಕಾಲುವೆಯಲ್ಲಿ ನೀರಿದ್ದಾಗ ಕೆರೆ ತುಂಬಿಸಿಕೊಂಡರೆ, ಬಂದ್ ಆದ ಮೇಲೆ ಅದೇ ನೀರೇ ಗತಿ. ಮಟ್ಟ ದಿನವೂ ಇಳಿಯುತ್ತದೆ.

ಮೂರು ಮೀಟರ್ ನೀರು ಒಂದು ಮೀಟರಿಗೆ ಇಳಿಯಿತು ಎಂದುಕೊಳ್ಳೋಣ. ಅಷ್ಟು ಕಡಿಮೆ ನೀರು ಬಳ್ಳಾರಿಯ ಬಿಸಿಲಿಗೆ ಬೇಗ ಕಾಯುತ್ತದೆ. ಗಾಳಿ ಬೀಸಿದರೆ ತಳದ ಕೆಸರು ಕದಡುತ್ತದೆ. ಹೊಲದ ಡಿಎಪಿ, ಸಗಣಿ, ಚರಂಡಿಯಿಂದ ವರ್ಷಗಟ್ಟಲೆ ಹರಿದುಬಂದ ರಂಜಕ ಆ ಕೆಸರಿನಲ್ಲೇ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಕಡಿಮೆಯಾದರೆ ಕದಡದಿದ್ದರೂ ಅದು ಮೇಲೆ ಬರುತ್ತದೆ. ನೀಲಿ-ಹಸಿರು ಪಾಚಿಗೆ ಇದು ಹಬ್ಬದೂಟ. (ಹೆಸರು ಪಾಚಿ, ಅಸಲಿಗೆ ಅದು ಬ್ಯಾಕ್ಟೀರಿಯಾ.) ಕೆರೆ ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ನೀರು ತುಂಬಿಸಿದಾಗಲೂ ರಂಜಕ ಒಮ್ಮೆಲೇ ಬಿಡುಗಡೆಯಾಗುತ್ತದೆ. ಹಾಗಾಗಿ ಹೊಸ ನೀರೂ ಹಸಿರಾಗಬಹುದು. ಹೂಳು ತೆಗೆಯಲು ಒಣಗಿದ ಹೊತ್ತೇ ಸರಿ ಎನ್ನುವುದು ಇದಕ್ಕೇ.

ಹಾಗೆಂದು ಮಟ್ಟ ಇಳಿದ ಕೆರೆಯೆಲ್ಲ ಹಸಿರಾಗುವುದಿಲ್ಲ. ನೀರು ತಿಳಿಯಾಗಿದ್ದು ಬೆಳಕು ತಳ ಮುಟ್ಟಿದರೆ ಜಲಸಸ್ಯಗಳು ಬೇರೂರಿ ಪಾಚಿಯ ಪಾಲಿನ ಪೋಷಕಾಂಶವನ್ನು ತಾವೇ ಉಣ್ಣುತ್ತವೆ. ಆಗ ಮಟ್ಟ ದಿಢೀರನೆ ಏರಿದರೆ ಅವು ಬೆಳಕಿಲ್ಲದೆ ಸಾಯುತ್ತವೆ, ಪಾಚಿ ಗೆಲ್ಲುತ್ತದೆ.

ತುಂಗಭದ್ರಾ ಜಲಾಶಯದ ನೀರೇ ಹಸಿರಾದ ಸುದ್ದಿಯೂ ಆಗಾಗ ಬರುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ.

ಇನ್ನು ಕುದಿಸುವ ಮಾತು. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಕೆಲವು ನೀಲಿ-ಹಸಿರು ಪಾಚಿಗಳು ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಕುದಿಯುವ ಶಾಖಕ್ಕೆ ಹಾಳಾಗುವುದಿಲ್ಲ. ಜೀವಕೋಶ ಒಡೆದು ವಿಷ ನೀರಿಗೇ ಇಳಿಯುತ್ತದೆ. ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿದಾಗಲೂ ಇದೇ ಆಗಬಹುದು. ಈ ವಿಷ ಏಟು ಹಾಕುವುದು ಲಿವರ್‌ಗೆ. ದೀರ್ಘಕಾಲ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಡ್ಡಿಯೊಂದನ್ನು ನೀರಿಗೆ ಅದ್ದಿ ನೋಡಿ. ಎಳೆ ಎಳೆಯಾಗಿ ಜೋತುಬಿದ್ದರೆ ಅದು ಬಹುತೇಕ ಸಾಧಾರಣ ಪಾಚಿ. ಹಸಿರು ಬಣ್ಣ ಬಳಿದಂತೆ ಹತ್ತಿದರೆ ಆ ನೀರನ್ನು ಕುಡಿಯಬೇಡಿ, ದನ-ಎಮ್ಮೆಗಳನ್ನೂ ಇಳಿಸಬೇಡಿ. ಪಂಚಾಯಿತಿಗೆ ಹೇಳಿ ನೀರಿನ ಪರೀಕ್ಷೆ ಮಾಡಿಸಿ.