ಶಾಸನ ರೂಪಿಸುವ ಮನೆಯ ನೌಕರನಿಗೆ ಯಾವ ಬಾಗಿಲು?

ಕುಳಗಿಯ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ರಕ್ಷಕನೊಬ್ಬನಿಗೆ ನ್ಯಾಯವಾಗಿ ಸಿಗಬೇಕಾದ ಬಡ್ತಿ ತಪ್ಪಿತು ಎಂದಿಟ್ಟುಕೊಳ್ಳೋಣ. ಆತ ಇಲಾಖೆಗೆ ಮನವಿ ಕೊಡುತ್ತಾನೆ. ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾನೆ. ಆತನ ತಮ್ಮ ಪದವಿ ಮುಗಿಸಿ ಬೆಂಗಳೂರಿಗೆ ಹೋಗಿ ವಿಧಾನಸಭೆಯ ಸಚಿವಾಲಯದಲ್ಲಿ ಕಿರಿಯ ಸಹಾಯಕನಾಗಿದ್ದಾನೆ. ಅದೇ ಅನ್ಯಾಯ ಆತನಿಗಾದರೆ ಈ ನ್ಯಾಯಮಂಡಳಿಯ ಬಾಗಿಲು ತೆರೆಯುವುದಿಲ್ಲ. ಸಂಸತ್ತಿನ ಮತ್ತು ರಾಜ್ಯ ಶಾಸಕಾಂಗಗಳ ಸಚಿವಾಲಯದ ಸಿಬ್ಬಂದಿಯನ್ನು 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ 2ನೇ ಸೆಕ್ಷನ್ ಹೊರಗಿಟ್ಟಿದೆ.

ಇದಕ್ಕೊಂದು ಕಾರಣವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಶಾಸಕಾಂಗವು ಸರಕಾರದ ಹಂಗಿನಲ್ಲಿರಬಾರದು ಎಂಬ ಉದ್ದೇಶದಿಂದಲೇ ಸಂವಿಧಾನದ 187ನೇ ವಿಧಿಯು ಅದಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ಒದಗಿಸಿತು. ಮಂತ್ರಿಯ ಕೈಯಲ್ಲಿ ವರ್ಗಾವಣೆಯ ಲೇಖನಿಯಿದ್ದರೆ ಸದನದ ಅಧಿಕಾರಿ ನಿರ್ಭಯವಾಗಿ ಕೆಲಸ ಮಾಡಲಾರ. ಆದರೆ ಸದನದ ಸ್ವಾತಂತ್ರ್ಯವೆಂದರೆ ಅಲ್ಲಿನ ಗುಮಾಸ್ತ, ಚಾಲಕ, ಕಾವಲುಗಾರನ ಅಸಹಾಯಕತೆ ಎಂದರ್ಥವೇ?

2023ರ ಮೇ ತಿಂಗಳಲ್ಲಿ ಯು.ಟಿ. ಖಾದರ್ ಅವರು ವಿಧಾನಸಭೆಯ ಸ್ಪೀಕರ್ ಆಗಿ ಆಯ್ಕೆಯಾದಾಗ ನಮ್ಮ ಅನೇಕ ಮನೆಗಳಲ್ಲಿ ಸಂತೋಷವಿತ್ತು. ಆ ಪೀಠದ ಗೌರವವನ್ನು ಎಲ್ಲರೂ ಬಲ್ಲರು. ಅದು ನೂರಾರು ನೌಕರರ ಮೇಲಣ ಆಡಳಿತದ ಪೀಠವೂ ಹೌದೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ನ್ಯಾಯಮಂಡಳಿ ಇಲ್ಲವೆಂದ ಮಾತ್ರಕ್ಕೆ ಈ ನೌಕರ ನಿರ್ಗತಿಕನಲ್ಲ. ಸಮಾನತೆಯ 14 ಮತ್ತು 16ನೇ ವಿಧಿಗಳು ಆತನಿಗೂ ಅನ್ವಯಿಸುತ್ತವೆ. 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಏಕಸದಸ್ಯ ಪೀಠದಲ್ಲಿ ಸೋತರೆ ವಿಭಾಗೀಯ ಪೀಠಕ್ಕೆ ಮೇಲ್ಮನವಿಯುಂಟು. ಹಾಗಿದ್ದರೂ ಹೈಕೋರ್ಟಿನ ವಕೀಲರ ಶುಲ್ಕ, ವರ್ಷಗಟ್ಟಲೆ ಕಾಯುವಿಕೆ ಸಣ್ಣ ಸಂಬಳದವನಿಗೆ ಹಗುರವಲ್ಲ. ಹಳಿಯಾಳಕ್ಕೆ ಹತ್ತಿರದ ಧಾರವಾಡದಲ್ಲಿ 2013ರಿಂದ ಹೈಕೋರ್ಟಿನ ಕಾಯಂ ಪೀಠವಿದೆ. ಆದರೆ ವಿವಾದ ಹುಟ್ಟಿದ್ದು ವಿಧಾನಸೌಧದಲ್ಲಾದ್ದರಿಂದ ಓಡಾಟವೆಲ್ಲ ಬೆಂಗಳೂರಿಗೇ.

ಇನ್ನೊಂದು ಅಡ್ಡಿ ಭಯ. ಸದನದ ವಿರುದ್ಧ ಕೋರ್ಟಿಗೆ ಹೋದರೆ ಹಕ್ಕುಚ್ಯುತಿಯಾಗುತ್ತದೆಂಬ ಮಾತು ಕಾರಿಡಾರುಗಳಲ್ಲಿ ಸುಲಭವಾಗಿ ಹಬ್ಬುತ್ತದೆ. 194 ಮತ್ತು 212ನೇ ವಿಧಿಗಳು ಕಾಪಾಡುವುದು ಸದನದ ಕಲಾಪವನ್ನು, ಶಾಸಕರ ಮಾತಿನ ಸ್ವಾತಂತ್ರ್ಯವನ್ನು. ನೌಕರನ ಅಮಾನತು, ಬಡ್ತಿಗಳು ಕಲಾಪವಾಗುವುದು ಹೇಗೆ? ಕೆನಡಾದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದ್ದಿತು. ಜನಾಂಗೀಯ ತಾರತಮ್ಯದಿಂದ ತನ್ನನ್ನು ಕೆಲಸದಿಂದ ತೆಗೆಯಲಾಯಿತೆಂದು ಸ್ಪೀಕರರ ಕಾರಿನ ಚಾಲಕ ದೂರಿದಾಗ, ಸಂಸತ್ತು ತನ್ನ ವಿಶೇಷ ಹಕ್ಕನ್ನು ಮುಂದೊಡ್ಡಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನೊಪ್ಪಲಿಲ್ಲ. ಎಲ್ಲ ನೌಕರರ ನಿರ್ವಹಣೆಯೂ ವಿಶೇಷ ಹಕ್ಕಿನೊಳಗೆ ಬರುವುದಿಲ್ಲವೆಂದಿತು. ಆದರೆ ಚಾಲಕ ತನ್ನ ದೂರನ್ನು ಸಂಸತ್ ನೌಕರರಿಗೆಂದೇ ಇರುವ ಕಾನೂನಿನ ಕುಂದುಕೊರತೆ ವ್ಯವಸ್ಥೆಯಲ್ಲಿಯೇ ಹೇಳಿಕೊಳ್ಳಬೇಕೆಂದೂ ತೀರ್ಪಿತ್ತಿತು. ಅಂತಹ ವ್ಯವಸ್ಥೆ ಅಲ್ಲಿತ್ತು ಎಂಬುದೇ ಗಮನಾರ್ಹ. ಅಮೆರಿಕದ ಕಾಂಗ್ರೆಸ್ ಕೂಡ ತಾನು ಮಾಡಿದ ಅನೇಕ ಕಾರ್ಮಿಕ ಕಾನೂನುಗಳಿಂದ ತನ್ನನ್ನೇ ಹೊರಗಿಟ್ಟುಕೊಂಡಿತ್ತು. 1995ರಲ್ಲಿ ಅವನ್ನು ತನಗೂ ಅನ್ವಯಿಸಿಕೊಂಡಿತು. ದೂರುದಾರರು ಕಡ್ಡಾಯವಾಗಿ ದಾಟಬೇಕಿದ್ದ ಸಮಾಲೋಚನೆ, ಸಂಧಾನಗಳ ತೊಡಕನ್ನು 2018ರಲ್ಲಿ ತೆಗೆದುಹಾಕಿತು.

ಹೊರಗುತ್ತಿಗೆಯವರ ಪಾಡು ಬೇರೆಯೇ. ಗುಡಿಸುವವರು, ಟೈಪು ಮಾಡುವವರು, ಬೆಳಗಾವಿಯ ಸುವರ್ಣಸೌಧದ ಅಧಿವೇಶನಕ್ಕೆಂದು ಕೆಲವೇ ದಿನ ದುಡಿಯುವವರು ಸಚಿವಾಲಯದ ನೌಕರರೆಂಬ ಲೆಕ್ಕಕ್ಕೂ ಸೇರುವುದಿಲ್ಲ. 2006ರ ಉಮಾದೇವಿ ತೀರ್ಪು, ಅದೂ ಕರ್ನಾಟಕದ್ದೇ ಪ್ರಕರಣ, ಹಿಂಬಾಗಿಲ ಕಾಯಮಾತಿಗೆ ತಡೆ ಹಾಕಿತು. ಆ ತೀರ್ಪನ್ನೇ ಗುರಾಣಿಯಾಗಿಸಿ ದೀರ್ಘಕಾಲ ದುಡಿದವರನ್ನು ಶೋಷಿಸಬಾರದೆಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕೆಂಬುದು ಕಾರ್ಮಿಕ ಕಾನೂನಿನ ಹಳೆಯ ತತ್ವ.

187ನೇ ವಿಧಿಯು ಈ ನೌಕರರ ಸೇವಾ ನಿಯಮಗಳನ್ನು ಕಾಯ್ದೆಯಾಗಿ ರೂಪಿಸುವ ಅಧಿಕಾರವನ್ನು ಶಾಸಕಾಂಗಕ್ಕೇ ಕೊಟ್ಟಿದೆ. ನಿವೃತ್ತ ನ್ಯಾಯಾಧೀಶರ ನೇತೃತ್ವದ, ಕಾಲಮಿತಿಯುಳ್ಳ ಒಂದು ಪ್ರಾಧಿಕಾರವನ್ನು ರಚಿಸಿದರೆ ಸದನದ ಘನತೆಗೆ ಕುಂದೇನೂ ಬಾರದು. ಶಾಸಕರು ಇದನ್ನು ಪಕ್ಷಭೇದವಿಲ್ಲದೆ ಕೈಗೆತ್ತಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ, ಇಂತಹ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ನೇಮಕಾತಿ ಆದೇಶ, ಸಂಬಳದ ಚೀಟಿಗಳನ್ನು ಜೋಪಾನವಾಗಿಡಲಿ. ಸೇವಾ ಪುಸ್ತಕದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪ್ರತಿ ಮನವಿಗೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ. ರಿಟ್ ಅರ್ಜಿಗೆ ನಿಗದಿತ ಗಡುವಿಲ್ಲದಿದ್ದರೂ ಕಾರಣವಿಲ್ಲದ ವಿಳಂಬವನ್ನು ಹೈಕೋರ್ಟು ಸುಲಭವಾಗಿ ಮನ್ನಿಸುವುದಿಲ್ಲ.